ಕಪ್ಪು ಬಿಳಿ ಮಿಂಚುಳ್ಳಿಯ ಲಿನೋಕಟ್: ಕಪ್ಪು ತುಂಬಿ ಬರುವುದಿಲ್ಲ, ಆಟಿಯ ಮಳೆಗೆ ಇಂಕು ಆರುವುದಿಲ್ಲ

ಕುಂಬಳೆ_ತೀರ | ಜುಲೈ 18, ರಾತ್ರಿ 9.10

ಕಪ್ಪು ಬಿಳಿ ಮಿಂಚುಳ್ಳಿ, ಗಂಡು, ಹಿನ್ನೀರಿನ ಗೂಟದ ಮೇಲೆ ಕೂತ ಭಂಗಿ. ಬ್ಲಾಕ್ 15 × 20 ಸೆಂ.ಮೀ., ಬೂದು ಬಣ್ಣದ ಅಸಲಿ ಲಿನೋ (ಲಿನೋಲಿಯಂ ಹಾಳೆ, ಅದನ್ನು ಕೆತ್ತಿ ಇಂಕು ಹಚ್ಚಿ ಕಾಗದಕ್ಕೆ ಅಚ್ಚು ತೆಗೆಯುವುದೇ ಲಿನೋಕಟ್), ದಪ್ಪ 3.2 ಮಿ.ಮೀ. ಇಂಕು ಅಗಸೆ ಎಣ್ಣೆಯದ್ದು, ಕಪ್ಪು ಒಂದೇ. ರೋಲರ್ ಮೆತ್ತಗಿನ ರಬ್ಬರಿನದ್ದು, 8 ಸೆಂ.ಮೀ. ಅಗಲ, 3 ಸೆಂ.ಮೀ. ವ್ಯಾಸ. ಪ್ರೆಸ್ ಇಲ್ಲ, ಸ್ಟೀಲ್ ಚಮಚದ ಬೆನ್ನಿನಿಂದ ತಿಕ್ಕುವುದು. ಕಾಗದ 220 ಜಿ.ಎಸ್.ಎಂ. (ಚದರ ಮೀಟರಿಗೆ ಇಷ್ಟು ಗ್ರಾಮ್) ಕೈಕಾಗದ. ಬೇಕಾದದ್ದು 20 ಪ್ರತಿ.

ನೀರಿನ ಭಾಗದ ದೊಡ್ಡ ಕಪ್ಪು ತುಂಬಿ ಬರುವುದಿಲ್ಲ, ಉಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಇಂಕು ಜಾಸ್ತಿ ಹಾಕಿದರೆ ಚುಕ್ಕೆ ಹೋಗುತ್ತದೆ, ಆದರೆ ರೆಕ್ಕೆಯ ಸಣ್ಣ ಗೆರೆಗಳು ಮುಚ್ಚಿಕೊಳ್ಳುತ್ತವೆ. ಬ್ಲಾಕಿನ ಬುಡದಿಂದ ಒಂಬತ್ತೂವರೆ ಸೆಂ.ಮೀ. ಮೇಲೆ ಅಡ್ಡಕ್ಕೆ ಒಂದು ಮಾಸಲು ಪಟ್ಟಿ ಬರುತ್ತದೆ, ಯಾವಾಗಲೂ ಅದೇ ಜಾಗದಲ್ಲಿ. ತೆಗೆದ ಪ್ರತಿ ಆರು ದಿನ ಕಳೆದರೂ ಬೆರಳಿಗೆ ಹತ್ತುತ್ತದೆ. ಇನ್ನೊಂದು ಕೆತ್ತನೆಯದ್ದು: ಕಣ್ಣು ಮುಖದ ಕಪ್ಪು ಪಟ್ಟಿಯಲ್ಲಿ ಮುಳುಗಿಹೋಗಿದೆ.

ಅಚ್ಚುಮೊಳೆ | ಜುಲೈ 18, ರಾತ್ರಿ 9.42

ಒಂಬತ್ತೂವರೆ ಸೆಂ.ಮೀ. ಅಂದ ಕೂಡಲೇ ಗೊತ್ತಾಯಿತು. 3 ಸೆಂ.ಮೀ. ವ್ಯಾಸದ ರೋಲರಿನ ಸುತ್ತಳತೆ 9.4 ಸೆಂ.ಮೀ. ಒಂದು ಸುತ್ತು ಉರುಳುವಾಗಲೇ ಅದು ಇಂಕಿನ ದೊಡ್ಡ ಪಾಲು ಬಿಟ್ಟಿರ್ತದೆ, ಎರಡನೇ ಸುತ್ತಿಗೆ ಸಿಗುವುದು ಉಳಿದದ್ದು. ಆ ಎರಡರ ಗಡಿಯೇ ನಿಮ್ಮ ಪಟ್ಟಿ. ನೀವು ಪ್ರತಿ ಸಲವೂ ಬುಡದಿಂದಲೇ ಉರುಳಿಸ್ಲಿಕ್ಕೆ ಶುರು ಮಾಡ್ತೀರಿ ಅಂತ ಕಾಣ್ತದೆ.

ಮದ್ದು ಸುಲಭ ಉಂಟು. ಒಂದು ಸಲ ಬುಡದಿಂದ, ಪುನಃ ಇಂಕು ತೆಗೆದುಕೊಂಡು ತಲೆಯಿಂದ, ಮತ್ತೆ ಎಡದಿಂದ, ಬಲದಿಂದ, ಕೊನೆಗೆ ಮೂಲೆಯಿಂದ ಮೂಲೆಗೆ. ಪ್ರತಿ ಸಲ ತೆಳುವಾಗಿ. ದಪ್ಪದಲ್ಲಿ ಎರಡು ಸಲ ಹಾಕುವ ಬದಲು ತೆಳುವಿನಲ್ಲಿ ಆರು ಸಲ. ಗಾಜಿನ ಮೇಲೆ ಇಂಕು ಹರಡುವಾಗಲೂ ಪ್ರತಿ ಕೊನೆಯಲ್ಲಿ ರೋಲರ್ ಎತ್ತಿ, ಅದು ತನ್ನಷ್ಟಕ್ಕೆ ಕಾಲು ಸುತ್ತು ತಿರುಗಲಿ. ಎತ್ತದೆ ಹಿಂದೆ ಮುಂದೆ ಎಳೆದರೆ ರೋಲರಿನ ಒಂದೇ ಮೈಗೆ ಇಂಕು, ಇನ್ನೊಂದು ಮೈ ಖಾಲಿ.

ಇಂಕಿನ ಹದ ಕಿವಿಯಲ್ಲಿ ಗೊತ್ತಾಗಬೇಕು. ಸರಿ ಇದ್ದರೆ ಸಣ್ಣಕ್ಕೆ ಚುರ್‍ರ್ ಅಂತ ಒಂದೇ ಸ್ವರ, ಗಾಜಿನ ಮೇಲೆ ಮಖಮಲ್ಲಿನ ಹಾಗೆ ಕಾಣ್ತದೆ. ಚಪಚಪ ಅಂದರೆ, ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಕಂಡರೆ, ಜಾಸ್ತಿ ಆಯಿತು. ನಿಮ್ಮ ಅಳತೆಯ ಬ್ಲಾಕಿಗೆ ಒಂದು ಪ್ರತಿಗೆ ಅರ್ಧ ಗ್ರಾಮಿನ ಆಸುಪಾಸು ಸಾಕು. ಗಾಜಿಗೆ ಒಮ್ಮೆಗೆ ಕಡಲೆ ಬೀಜದ ಎರಡರಷ್ಟು ಇಂಕು ಹಾಕಿ, ಮುಗಿದ ಮೇಲೆ ಪುನಃ ಹಾಕಿ.

ಮಾಷ್ಟ್ರು_ಮುಳ್ಳೇರಿಯ | ಜುಲೈ 18, ರಾತ್ರಿ 10.15

ಉಪ್ಪು ಚುಕ್ಕೆಗೆ ಮುಖ್ಯ ಕಾರಣ ಇಂಕು ಅಲ್ಲ, ಕಾಗದ. 220 ಜಿ.ಎಸ್.ಎಂ. ಕೈಕಾಗದವನ್ನು ಚಮಚದಿಂದ ತಿಕ್ಕಿದರೆ ಒತ್ತಡ ಕೆಳಗೆ ಮುಟ್ಟುವ ಮೊದಲೇ ಕಾಗದದೊಳಗೇ ಕರಗಿಹೋಗುತ್ತದೆ. ಕೈಕಾಗದದ ಮೈಯಲ್ಲಿ ಗುಂಡಿ ದಿಣ್ಣೆ ಇರುತ್ತದೆ, ಗುಂಡಿ ಇದ್ದಲ್ಲಿ ಇಂಕು ಮುಟ್ಟುವುದಿಲ್ಲ, ಅದೇ ಬಿಳಿ ಚುಕ್ಕೆ. ಆ ದಪ್ಪದ ಕಾಗದ ಪ್ರೆಸ್ಸಿಗೆ ಸರಿ. ಕೈಯಲ್ಲಿ ತಿಕ್ಕುವುದಕ್ಕೆ 40ರಿಂದ 60 ಜಿ.ಎಸ್.ಎಂ.ನ ಉದ್ದ ನಾರಿನ ಕಾಗದ ಬೇಕು. ಜಪಾನಿನ ಕೋಜೋ, ನೇಪಾಳದ ಲೋಕ್ತಾ, ಎರಡೂ ಆಗುತ್ತವೆ. ತೆಳು ಕಾಗದದಲ್ಲಿ ಇನ್ನೊಂದು ಲಾಭ: ತಿಕ್ಕುತ್ತಿರುವಾಗಲೇ ಇಂಕು ಹಿಂಬದಿಯಿಂದ ಮಸುಕಾಗಿ ಕಾಣುತ್ತದೆ, ಎಲ್ಲಿ ಒತ್ತಡ ಸಾಲಲಿಲ್ಲ ಎಂದು ಎತ್ತುವ ಮೊದಲೇ ತಿಳಿಯುತ್ತದೆ. ಸಂಶಯ ಇದ್ದರೆ ಒಂದು ಮೂಲೆಯನ್ನು ಅಂಗೈಯಿಂದ ಅದುಮಿ ಹಿಡಿದು ಎದುರಿನ ಮೂಲೆ ಎತ್ತಿ ನೋಡಿ. ಕಡಿಮೆ ಬಿದ್ದಲ್ಲಿ ಪುನಃ ತಿಕ್ಕಬಹುದು.

ಹೊಸ ಬ್ಲಾಕಿನ ಮೊದಲ ಎರಡು ಮೂರು ಪ್ರತಿ ಯಾವ ಕಾಗದದಲ್ಲೂ ಮಾಸಲಾಗಿಯೇ ಬರುತ್ತವೆ. ಲಿನೋದ ಮೈಗೆ ಇಂಕು ಹಿಡಿಯಬೇಕು. ಆ ಮೂರನ್ನು ಸಾದಾ ಕಾಗದದಲ್ಲಿ ತೆಗೆದು ಬದಿಗಿಡಿ, ಎಣಿಕೆಗೆ ಸೇರಿಸಬೇಡಿ. ಕೆತ್ತುವ ಮೊದಲೇ 400ರ ಮರಳು ಕಾಗದದಿಂದ ಹಗುರಾಗಿ ಉಜ್ಜಿದ್ದರೆ ಮೈಯ ಜಿಡ್ಡು ಹೋಗಿ ಇಂಕು ಬೇಗ ಹಿಡಿಯುತ್ತಿತ್ತು. ಕೆತ್ತಿದ ಮೇಲೆ ಉಜ್ಜಬೇಡಿ, ಸಣ್ಣ ಗೆರೆಗಳ ಅಂಚು ದುಂಡಾಗುತ್ತದೆ.

ಸ್ಟೀಲ್ ಚಮಚ ಬಿಟ್ಟುಬಿಡಿ. ಅದರ ಅಂಚು ತೆಳು ಕಾಗದವನ್ನು ಹರಿಯುತ್ತದೆ, ಹೊಳಪಿನ ಗೆರೆಯನ್ನೂ ಬಿಡುತ್ತದೆ. ಗೆರಟೆ ಸೌಟಿನ ಬೆನ್ನು ಇದಕ್ಕೆಂದೇ ಮಾಡಿದ ಹಾಗಿದೆ. ನುಣ್ಣಗೆ ತೀಡಿದ ಗೆರಟೆ ಮರಕ್ಕಿಂತ ಗಟ್ಟಿ, ಸರಿಯಾದ ಡೊಂಕು, ಕೈಯಿಂದ ಜಾರುವುದಿಲ್ಲ. ನಡುವೆ ಒಂದು ಬಟರ್ ಪೇಪರ್ ಇಟ್ಟು ಸಣ್ಣ ಸಣ್ಣ ವೃತ್ತದಲ್ಲಿ ನಡುವಿನಿಂದ ಅಂಚಿಗೆ ತಿಕ್ಕಿ. 15 × 20ಕ್ಕೆ ಒಂದು ಪ್ರತಿಗೆ ಐದಾರು ನಿಮಿಷ ಹಿಡಿಯುತ್ತದೆ, ಅವಸರ ನಡೆಯುವುದಿಲ್ಲ.

ಪೆರ್ಲದ_ಉಳಿ | ಜುಲೈ 18, ರಾತ್ರಿ 10.31

ಮಾಷ್ಟ್ರೇ, ದಪ್ಪ ಕಾಗದ ಕೈಯಲ್ಲಿ ಆಗುವುದೇ ಇಲ್ಲ ಅಂತ ಅಲ್ಲ. ಸ್ಪಂಜಿನಿಂದ ಎರಡೂ ಬದಿ ಒದ್ದೆ ಮಾಡಿ, ಪ್ಲಾಸ್ಟಿಕ್ಕಿನೊಳಗೆ ಒಂದರ ಮೇಲೊಂದು ಪೇರಿಸಿ ನಾಲ್ಕು ಗಂಟೆ ಇಟ್ಟರೆ ನಾರು ಮೆತ್ತಗಾಗಿ ಗುಂಡಿಯೊಳಗೂ ಇಂಕು ಇಳಿಯುತ್ತದೆ. ಮುಟ್ಟಿದರೆ ತಣ್ಣಗೆ ಇರಬೇಕು, ಮೇಲೆ ನೀರಿನ ಹೊಳಪು ಕಾಣಬಾರದು.

ಮಾಷ್ಟ್ರು_ಮುಳ್ಳೇರಿಯ | ಜುಲೈ 18, ರಾತ್ರಿ 10.40

ಆಗುತ್ತದೆ, ಒಪ್ಪಿದೆ. ಆದರೆ ಜುಲೈಯಲ್ಲಿ ಒದ್ದೆ ಕಾಗದದ ಕಟ್ಟನ್ನು ಮರುದಿನಕ್ಕೆ ಇಟ್ಟರೆ ಬೂಸ್ಟು ಬರುತ್ತದೆ. ಅವತ್ತಿನದ್ದು ಅವತ್ತೇ ಮುಗಿಯಬೇಕು. ಇಪ್ಪತ್ತು ಪ್ರತಿ ಕೈಯಲ್ಲಿ ಒಂದೇ ದಿನ ಎಂದರೆ ಭುಜ ಉಳಿಯುವುದಿಲ್ಲ.

ತೋಟದಂಚು | ಜುಲೈ 19, ಬೆಳಿಗ್ಗೆ 7.05

ಸೇಮಿಗೆ ಮಣೆಯನ್ನು ಪ್ರೆಸ್ಸಿನ ಹಾಗೆ ಬಳಸ್ಲಿಕ್ಕೆ ಆಗ್ತದಾ? ತಿರುಪು ಉಂಟು, ಒತ್ತಡವೂ ಉಂಟು.

ಅಚ್ಚುಮೊಳೆ | ಜುಲೈ 19, ಬೆಳಿಗ್ಗೆ 7.30

ಒತ್ತಡ ಬೀಳುವುದು ಅಂಗೈ ಅಗಲದ ವೃತ್ತಕ್ಕೆ ಮಾರಾಯ್ರೆ. ಗುಬ್ಬಚ್ಚಿ ಆದರೆ ಆದೀತು. ಬೈಂಡಿಂಗಿನವರ ಹಳೆಯ ತಿರುಪಿನ ಪ್ರೆಸ್ ಸಿಕ್ಕಿದರೆ ಬಿಡಬೇಡಿ. ಎರಡು ಸಪಾಟು ಹಲಗೆ, ಮೇಲೆ ಒಂದು ತೆಳು ಫೆಲ್ಟ್ ಇಟ್ಟರೆ 15 × 20 ಚಂದ ಬರ್ತದೆ.

ಕಿದೂರು_ಹಕ್ಕಿನೋಟ | ಜುಲೈ 19, ಬೆಳಿಗ್ಗೆ 8.20

ಕಣ್ಣಿನ ವಿಷಯ. ಮಿಂಚುಳ್ಳಿಯ ಕಣ್ಣು ಕಪ್ಪು, ಅದು ಇರುವುದು ಕಪ್ಪು ಪಟ್ಟಿಯೊಳಗೆ. ಹಾಗಾಗಿ ಇದ್ದ ಹಾಗೆ ಕೆತ್ತಿದರೆ ಮುಳುಗಲೇಬೇಕು. ಕಣ್ಣಿನ ಸುತ್ತ ಪೂರ್ತಿ ಬಿಳಿ ಬಳೆ ಹಾಕಬೇಡಿ, ಹಕ್ಕಿ ಕನ್ನಡಕ ಇಟ್ಟುಕೊಂಡ ಹಾಗೆ ಕಾಣುತ್ತದೆ, ಬೆಳ್ಗಣ್ಣ ಅಂದುಕೊಳ್ಳುತ್ತಾರೆ. ಕೆಳಗಿನ ರೆಪ್ಪೆಯ ಕಡೆ ಕೂದಲೆಳೆಯಷ್ಟು ಅರ್ಧ ಬಳೆ, ಮೇಲೆ ಮುಂದಿನ ಕಡೆ ಒಂದು ಬೆಳಕಿನ ಚುಕ್ಕೆ. ಚುಕ್ಕೆಯನ್ನು ಉಳಿಯಿಂದ ಕೆತ್ತುವ ಬದಲು ಕಂಪಾಸಿನ ಮೊನೆಯಿಂದ ಚುಚ್ಚಿ ತಿರುಗಿಸಿದರೆ ದುಂಡಾಗಿ ಬರುತ್ತದೆ. ಕಣ್ಣಿನ ಮೇಲಿನ ಬಿಳಿ ಹುಬ್ಬುಗೆರೆ ಕೊಕ್ಕಿನ ಬುಡದಿಂದಲೇ ಶುರುವಾಗಿ ಕಣ್ಣಿನಾಚೆಗೆ ಹೋಗುತ್ತದೆ. ಅದನ್ನು ಸ್ವಲ್ಪ ಅಗಲ ಮಾಡಿದರೆ ಕಣ್ಣು ಅರ್ಧ ಅಲ್ಲಿಯೇ ಗೆದ್ದ ಹಾಗೆ.

ಗಂಡು ಎಂದಿರಿ, ಎದೆಯ ಮೇಲೆ ಎರಡು ಕಪ್ಪು ಪಟ್ಟಿ ಇರಬೇಕು, ಮೇಲಿನದ್ದು ಅಗಲ, ಕೆಳಗಿನದ್ದು ಸಪುರ. ಹೆಣ್ಣಿಗೆ ಒಂದೇ ಪಟ್ಟಿ, ಅದೂ ಸಾಮಾನ್ಯವಾಗಿ ನಡುವಿನಲ್ಲಿ ತುಂಡಾದದ್ದು. ಹೊಟ್ಟೆಯ ಬಿಳಿಯನ್ನು ತೆರವು ಮಾಡುವ ಭರದಲ್ಲಿ ಕೆಳಗಿನ ಸಪುರ ಪಟ್ಟಿ ಹಾರಿಹೋಗುವುದು ತುಂಬಾ ಸುಲಭ. ಕೆತ್ತುವ ಮೊದಲು ಆ ಪಟ್ಟಿಗೆ ಪರ್ಮನೆಂಟ್ ಮಾರ್ಕರ್ ಹಚ್ಚಿಡಿ.

ಕಾಲು ಇನ್ನೊಂದು. ಮಿಂಚುಳ್ಳಿಯ ಮುಂದಿನ ಮೂರು ಬೆರಳಲ್ಲಿ ಹೊರಗಿನದ್ದು ಮತ್ತು ನಡುವಿನದ್ದು ಬುಡದಿಂದ ಬಹಳ ದೂರ ಕೂಡಿಕೊಂಡೇ ಇರುತ್ತವೆ. ಕಾಗೆಯ ಕಾಲಿನ ಹಾಗೆ ಮೂರನ್ನೂ ಬಿಡಿಸಿ ಕೆತ್ತಿದರೆ ತಪ್ಪು. ಮರಕುಟಿಗ, ಕೆಂಬೂತಗಳಿಗೆ ಎರಡು ಮುಂದೆ ಎರಡು ಹಿಂದೆ.

ಕುಂಬಳೆ_ತೀರ | ಜುಲೈ 19, ಬೆಳಿಗ್ಗೆ 8.55

ಅಕ್ಕ, ಬೆನ್ನಿನ ಗರಿಗಳು? ಕಪ್ಪು ಗರಿ, ಬಿಳಿ ಅಂಚು. ಒಂದೊಂದನ್ನೂ ಕೆತ್ತಿದರೆ ಮೀನಿನ ಪೊರೆಯ ಹಾಗೆ ಕಾಣುತ್ತದೆ.

ಪೆರ್ಲದ_ಉಳಿ | ಜುಲೈ 19, ಬೆಳಿಗ್ಗೆ 9.40

ಎಲ್ಲವನ್ನೂ ಒಂದೇ ದಪ್ಪದಲ್ಲಿ, ಒಂದೇ ಅಂತರದಲ್ಲಿ ಕೆತ್ತಿದರೆ ಪೊರೆಯೇ ಆಗುತ್ತದೆ. ಭುಜದ ಹತ್ತಿರ ಗರಿ ಸಣ್ಣದು, ಒತ್ತೊತ್ತು. ಅಲ್ಲಿ ಬರೀ ಸಣ್ಣ ವಿ ಉಳಿಯ ಗೀರು, ಅಂಚು ಪೂರ್ತಿ ಬಳಸುವುದು ಬೇಡ. ಕೆಳಗೆ ಬಂದ ಹಾಗೆ ಗರಿ ಉದ್ದವಾಗುತ್ತದೆ, ಬಿಳಿ ಅಂಚು ಅಗಲವಾಗುತ್ತದೆ. ಬೆಳಕು ಬೀಳುವ ಬದಿಯಲ್ಲಿ ಅಂಚು ಕೆತ್ತಿ, ನೆರಳಿನ ಬದಿಯಲ್ಲಿ ಮೂರು ಗರಿಗೆ ಒಂದರಂತೆ ಬಿಟ್ಟುಬಿಡಿ, ಕಪ್ಪು ಕೂಡಿಕೊಳ್ಳಲಿ. ನೋಡುವವರ ಕಣ್ಣು ಉಳಿದ ಗರಿಗಳನ್ನು ತಾನೇ ತುಂಬಿಸುತ್ತದೆ.

ವಿ ಉಳಿಯ ಗೀರಿನ ಅಗಲ ಬರುವುದು ಆಳದಿಂದ. ಉಳಿಯನ್ನು ಮಲಗಿಸಿ ಹಿಡಿದು ಶುರು ಮಾಡಿ, ನಡುವಿನಲ್ಲಿ ಹಿಡಿಯನ್ನು ಸ್ವಲ್ಪ ಎತ್ತಿ ಆಳಕ್ಕೆ ಬಿಟ್ಟು, ಕೊನೆಗೆ ಪುನಃ ಇಳಿಸಿ. ಎರಡೂ ಕೊನೆ ಚೂಪು, ನಡು ದಪ್ಪ, ಅದೇ ಒಂದು ಗರಿ. ತಿರುವು ಬಂದಲ್ಲಿ ಕೈ ತಿರುಗಿಸಬಾರದು, ಬ್ಲಾಕ್ ತಿರುಗಿಸಬೇಕು. ಬ್ಲಾಕ್ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಲಿ. ಒಂದು ಹಲಗೆಗೆ ಮೇಲೊಂದು ಕೆಳಗೊಂದು ಪಟ್ಟಿ ಮೊಳೆ ಹೊಡೆದು ಮೇಜಿನ ಅಂಚಿಗೆ ಸಿಕ್ಕಿಸಿದರೆ ಬ್ಲಾಕ್ ಜಾರುವುದಿಲ್ಲ.

ಆಳ ಹೆಚ್ಚು ಬೇಡ. ಗರಿ ಗೀರಿಗೆ ಒಂದು ಮಿ.ಮೀ.ಗಿಂತ ಕಡಿಮೆ, ಹೊಟ್ಟೆಯಂಥ ದೊಡ್ಡ ಬಿಳಿಗೆ ಎರಡು ಮಿ.ಮೀ. ದೊಡ್ಡ ಬಿಳಿಯಲ್ಲಿ ರೋಲರ್ ತಗ್ಗಿಗೆ ಇಳಿಯುತ್ತದೆ, ಅದಕ್ಕೇ ಅಲ್ಲಿ ಆಳ ಬೇಕು. ಲಿನೋದ ಬೆನ್ನಿನ ಸೆಣಬಿನ ಬಟ್ಟೆ ಕಾಣಿಸಿದರೆ ಅತಿಯಾಯಿತು. ಗೆರೆಯ ಎರಡು ಬದಿ ಗುಡ್ಡದ ಇಳಿಜಾರಿನ ಹಾಗೆ ಹೊರಕ್ಕೆ ಚಾಚಿರಬೇಕು. ಬುಡ ಒಳಕ್ಕೆ ಕೊರೆದರೆ ಐದಾರು ಪ್ರತಿ ತೆಗೆಯುವಷ್ಟರಲ್ಲಿ ಗೆರೆ ಉದುರುತ್ತದೆ.

ಉದುರುವುದಕ್ಕೆ ಇನ್ನೊಂದು ಕಾರಣ ಮೊಂಡು ಉಳಿ. ಹಳೆಯ ಬೆಲ್ಟಿನ ತೊಗಲನ್ನು ಹಲಗೆಗೆ ಅಂಟಿಸಿ, ಲೋಹಕ್ಕೆ ಹಚ್ಚುವ ಹಸಿರು ಪಾಲಿಶ್ ಗಟ್ಟಿಯನ್ನು ಅದಕ್ಕೆ ಉಜ್ಜಿ, ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಉಳಿಯನ್ನು ಅದರ ಮೇಲೆ ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ದೂಡಿದರೆ ತೊಗಲು ಕೊಯ್ಯುತ್ತದೆ. ಹೊರಮೈಗೆ: ಮೆತ್ತಗಿನ ಮರದ ತುಂಡಿನಲ್ಲಿ ಅದೇ ಉಳಿಯಿಂದ ಒಂದು ಗೀರು ತೆಗೆದರೆ ಅದು ಉಳಿಯ ಆಕಾರದ್ದೇ ಚಾನೆಲ್. ಅದಕ್ಕೆ ಪಾಲಿಶ್ ಹಚ್ಚಿ ಎಳೆದರೆ ಹೊರಮೈ ಎರಡೂ ಬದಿ ಒಟ್ಟಿಗೆ ಹರಿತವಾಗುತ್ತದೆ. ಒಳಮೈಯಲ್ಲಿ ಏಳುವ ಲೋಹದ ಮುಳ್ಳಿಗೆ ತೊಗಲಿನ ಮಡಿಸಿದ ಅಂಚು.

ತೋಟದಂಚು | ಜುಲೈ 19, ಬೆಳಿಗ್ಗೆ 10.10

ಅಸಲಿ ಲಿನೋ ಅಂತ ಹೇಗೆ ಗುರುತು? ಪೇಟೆಯಲ್ಲಿ ನೆಲಕ್ಕೆ ಹಾಸುವ ಲಿನೋಲಿಯಂ ಮೀಟರ್ ಲೆಕ್ಕದಲ್ಲಿ ಸಿಗ್ತದೆ. ರಬ್ಬರ್ ಶೀಟ್ ಆದರೆ ನಮ್ಮಲ್ಲೇ ಉಂಟು.

ಮಾಷ್ಟ್ರು_ಮುಳ್ಳೇರಿಯ | ಜುಲೈ 19, ಬೆಳಿಗ್ಗೆ 11.00

ತೋಟದ ರಬ್ಬರ್ ಶೀಟ್ ಟಯರಿಗೆ ಹೋಗಲಿ! ಕೆತ್ತುವ ರಬ್ಬರ್ ಬೇರೆ, ಅಳಿಸುವ ರಬ್ಬರಿನ ಜಾತಿಯದ್ದು.

ಅಂಗಡಿಯಲ್ಲಿ ಮೀಟರಿಗೆ ಕೊಡುವ ‘ಲಿನೋಲಿಯಂ’ ಹೆಚ್ಚಿನದ್ದೂ ಪಿ.ವಿ.ಸಿ. ಮೇಲೆ ಟೈಲ್ಸಿನದ್ದೋ ಮರದ್ದೋ ಚಿತ್ರ, ಕೆಳಗೆ ನೊರೆ ಪದರ. ಅದರಲ್ಲಿ ಉಳಿ ಜಾರುತ್ತದೆ, ಪದರ ಬಿಡುತ್ತದೆ. ಅಸಲಿಯ ಬೆನ್ನಿಗೆ ಸೆಣಬಿನ ಬಟ್ಟೆ ಇರುತ್ತದೆ, ಕೊಯ್ದ ಅಂಚು ಒಂದೇ ಬಣ್ಣ, ಮೂಸಿದರೆ ಅಗಸೆ ಎಣ್ಣೆ. ಫ್ರೆಡರಿಕ್ ವಾಲ್ಟನ್ ಎಂಬವರು ಇಂಗ್ಲೆಂಡಿನಲ್ಲಿ 1863ರಲ್ಲಿ ಪೇಟೆಂಟ್ ಪಡೆದ ವಸ್ತು ಇದೇ: ಗಾಳಿಗೆ ಗಟ್ಟಿಯಾದ ಅಗಸೆ ಎಣ್ಣೆ, ಕಾರ್ಕ್ ಪುಡಿ, ಸೆಣಬಿನ ಬೆನ್ನು. ಅದಕ್ಕೇ ಅದು ವರ್ಷ ಹೋದ ಹಾಗೆ ಇನ್ನೂ ಗಟ್ಟಿಯಾಗಿ ಪುಡಿಪುಡಿಯಾಗುತ್ತದೆ. ಒಂದು ತುಂಡು ಬಗ್ಗಿಸಿದಾಗ ಬಿರುಕು ಬಿಟ್ಟರೆ ತೆಗೆದುಕೊಳ್ಳಬೇಡಿ. ಸ್ವಲ್ಪ ಗಟ್ಟಿ ಅನಿಸಿದರೆ ಐದು ನಿಮಿಷ ಬಿಸಿಲಿಗಿಟ್ಟರೆ ಬೆಣ್ಣೆಯಾಗುತ್ತದೆ. ನಮ್ಮ ಕರಾವಳಿಯ ಸೆಕೆಗೆ ಅದೂ ಬೇಕಾಗುವುದು ಕಡಿಮೆ, ಎ.ಸಿ. ಕೋಣೆಯಲ್ಲಿ ಕೂತವರಿಗೆ ಮಾತ್ರ.

ಮೆತ್ತಗಿನ ಬಿಳಿ ಅಥವಾ ಗುಲಾಬಿ ಬ್ಲಾಕುಗಳು ಮಕ್ಕಳಿಗೆ ಒಳ್ಳೆಯದು. ಆದರೆ ಮಿಂಚುಳ್ಳಿಯ ಬೆನ್ನಿನಂಥ ಗೀರು ಅದರಲ್ಲಿ ತಿಕ್ಕುವಾಗ ಬಾಗುತ್ತದೆ, ಗೆರೆ ಅಲುಗಾಡಿದ ಹಾಗೆ ಮೂಡುತ್ತದೆ.

ಅಚ್ಚುಮೊಳೆ | ಜುಲೈ 19, ಮಧ್ಯಾಹ್ನ 1.25

ಈಗ ಆರುವ ಸಂಗತಿ. ಎಣ್ಣೆ ಇಂಕು ನೀರು ಆವಿಯಾಗಿ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ತಂಡಿ, ನಿಂತ ಗಾಳಿ, ದಪ್ಪ ಇಂಕು, ಮೂರೂ ಸೇರಿದರೆ ಆರು ದಿನ ಏನು, ಹತ್ತು ದಿನವೂ ಆಗ್ಲಿಕ್ಕೆ ಉಂಟು. ನಿಮ್ಮದರಲ್ಲಿ ಮೂರೂ ಉಂಟು. ಇಂಕು ತೆಳು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಇಂಕು ಬೇಗ ಆರ್ಲಿಕ್ಕೆ ಕಲಸುವ ಕೋಬಾಲ್ಟ್ ಡ್ರೈಯರ್ ಶೇ. 1, ಹೆಚ್ಚೆಂದರೆ 2. ಅಂದರೆ 20 ಗ್ರಾಮ್ ಇಂಕಿಗೆ 0.2ರಿಂದ 0.4 ಗ್ರಾಮ್. ಕಡ್ಡಿಯ ತುದಿಯಲ್ಲಿ ಅಂದಾಜು ಹಾಕಬೇಡಿ, ಸಣ್ಣ ಡಿಜಿಟಲ್ ತಕ್ಕಡಿ ಇಡಿ. ಜಾಸ್ತಿ ಆದರೆ ಗಾಜಿನ ಮೇಲೆಯೇ ಇಂಕು ಕೆನೆಗಟ್ಟುತ್ತದೆ. ಪ್ರತಿಯಲ್ಲಿ ಮೇಲ್ಮೈ ಗಾಜಿನ ಹಾಗೆ ಆಗಿ ಅದರ ಮೇಲೆ ಎರಡನೇ ಬಣ್ಣ ಹಾಕಿದರೆ ಕೆಸುವಿನ ಎಲೆಯ ನೀರಿನ ಹಾಗೆ ಗುಳ್ಳೆಗುಳ್ಳೆ ಕೂರ್ತದೆ, ಹಿಡಿಯುವುದಿಲ್ಲ.

ಮತ್ತೆ ಜಾಗ. ಖಾಲಿ ಕಬ್ಬಿಣದ ಬೀರು ಒಂದಿದ್ದರೆ ತಳದಲ್ಲಿ 40 ವ್ಯಾಟಿನ ಹಳೆಯ ತಂತಿ ಬಲ್ಬು ಹೊತ್ತಿಸಿ, ಬಾಗಿಲು ನಾಲ್ಕು ಬೆರಳು ಬಿಟ್ಟು. ಹೊರಗೆ 28 ಡಿಗ್ರಿಯಲ್ಲಿ ತೇವಾಂಶ ಶೇ. 90 ಇದ್ದರೆ ಅದೇ ಗಾಳಿ 33 ಡಿಗ್ರಿಗೆ ಬೆಚ್ಚಗಾದಾಗ ಸುಮಾರು ಶೇ. 68ಕ್ಕೆ ಇಳಿಯುತ್ತದೆ. ಐದು ಡಿಗ್ರಿ ಸಾಕು, ಹೆಚ್ಚು ಬೇಡ. ಬಲ್ಬಿನಿಂದ ಕಾಗದ ಕನಿಷ್ಠ ಒಂದು ಅಡಿ ದೂರ. ಬಾಗಿಲು ಪೂರ್ತಿ ಮುಚ್ಚಿದರೆ ಆಮ್ಲಜನಕ ಎಲ್ಲಿಂದ?

ತೋಟದಂಚು | ಜುಲೈ 19, ಮಧ್ಯಾಹ್ನ 1.50

ಅಡಿಕೆ ಒಣಗಿಸುವ ಅಟ್ಟ?

ಅಚ್ಚುಮೊಳೆ | ಜುಲೈ 19, ಮಧ್ಯಾಹ್ನ 2.00

ಹೊಗೆ ಬಂದರೆ ಕಾಗದ ಹಳದಿ, ಬಿಸಿ ಜಾಸ್ತಿ ಆದರೆ ಸುರುಳಿ. ಅಟ್ಟ ಅಡಿಕೆಗೇ ಇರಲಿ.

ಬೇಕಲ_ಗಾಳಿ | ಜುಲೈ 19, ಸಂಜೆ 5.15

ಒಂದು ಎಚ್ಚರ, ಇದನ್ನು ಯಾರೂ ಹೇಳಲಿಲ್ಲ. ಅಗಸೆ ಎಣ್ಣೆ ಇಂಕು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಆ ಬೀರಿನಲ್ಲೋ ಮೂಲೆಯ ಬುಟ್ಟಿಯಲ್ಲೋ ಬಿಡಬಾರದು. ಆರುವಾಗ ಅದು ಬಿಸಿ ಬಿಡುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಒಂದೊಂದಾಗಿ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ.

ಒರೆಸುವುದಕ್ಕೆ ತೆಂಗಿನೆಣ್ಣೆ ಚೆನ್ನಾಗಿ ನಡೆಯುತ್ತದೆ. ಬ್ಲಾಕಿನ ಮೇಲೆ ನಾಲ್ಕು ಹನಿ, ಹಳೆಯ ಬೈರಾಸಿನ ತುಂಡಿನಲ್ಲಿ ಒರೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಗೀರುಗಳನ್ನು ಎಬ್ಬಿಸಿ. ಆದರೆ ತೆಂಗಿನೆಣ್ಣೆ ಯಾವತ್ತೂ ಆರುವ ಎಣ್ಣೆಯಲ್ಲ. ಬ್ಲಾಕಿನಲ್ಲಿ ಉಳಿದರೆ ಮುಂದಿನ ಸಲ ಇಂಕು ಹಿಡಿಯುವುದಿಲ್ಲ, ಪುನಃ ಅದೇ ಉಪ್ಪು ಚುಕ್ಕೆ. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಒದ್ದೆ ಬಟ್ಟೆ, ಮತ್ತೆ ಒಣ ಬಟ್ಟೆ. ನಲ್ಲಿಯ ಕೆಳಗೆ ಹಿಡಿಯಬೇಡಿ, ಸೆಣಬು ನೀರು ಕುಡಿದರೆ ಬ್ಲಾಕ್ ಬಾಗುತ್ತದೆ. ವಾಷಿಂಗ್ ಸೋಡಾ ಹತ್ತಿರವೂ ತರಬೇಡಿ, ಕ್ಷಾರ ಲಿನೋವನ್ನೇ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಹಚ್ಚಿ ಬೇಕೆಂದೇ ಲಿನೋವನ್ನು ತಿನ್ನಿಸಿ ಚಿತ್ರ ಮಾಡುವ ಕ್ರಮವೇ ಬೇರೆ ಇದೆ.

ಅಚ್ಚುಮೊಳೆ | ಜುಲೈ 19, ಸಂಜೆ 6.00

ಪ್ರೆಸ್ಸಿನಲ್ಲಿ ಸೀಮೆಎಣ್ಣೆಯೇ ನಡೆಯುವುದು. ಎರಡು ನಿಮಿಷದ ಕೆಲಸ.

ಬೇಕಲ_ಗಾಳಿ | ಜುಲೈ 19, ಸಂಜೆ 6.20

ನಡೆಯುತ್ತದೆ ಅಣ್ಣ, ಆದರೆ ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿ ಆ ವಾಸನೆ ಯಾರಿಗೆ ಬೇಕು? ಮೇಲಿಂದ ರಬ್ಬರ್ ರೋಲರ್ ಸೀಮೆಎಣ್ಣೆಗೆ ಉಬ್ಬುತ್ತದೆ. ರೋಲರನ್ನು ಯಾವ ಎಣ್ಣೆಯಲ್ಲೂ ನೆನೆಸಬಾರದು, ಒರೆಸಿ ಮೊಳೆಗೆ ತೂಗಹಾಕಬೇಕು. ಮೇಜಿನ ಮೇಲೆ ಮಲಗಿಸಿಟ್ಟರೆ ಒಂದು ಬದಿ ಸಪಾಟಾಗಿ ಪ್ರತಿಯಲ್ಲಿ ಇನ್ನೊಂದು ಪಟ್ಟಿ.

ಕುಂಬಳೆ_ತೀರ | ಜುಲೈ 20, ರಾತ್ರಿ 8.45

50 ಜಿ.ಎಸ್.ಎಂ. ಲೋಕ್ತಾ, ಗೆರಟೆ ಸೌಟು, ನಾಲ್ಕು ದಿಕ್ಕಿನಿಂದ ತೆಳು ಇಂಕು. ಪಟ್ಟಿ ಹೋಯಿತು, ಕಪ್ಪು ತುಂಬಿತು. ಮುಂದಿನದ್ದು ಬಿಳಿ ಹೊಟ್ಟೆಯ ಕಡಲ ಹದ್ದು, ರಿಡಕ್ಷನ್ ಕ್ರಮದಲ್ಲಿ. ಬಿಳಿ, ಬೂದು, ಕಪ್ಪು. ಯಾವುದನ್ನು ಮೊದಲು?

ಕಿದೂರು_ಹಕ್ಕಿನೋಟ | ಜುಲೈ 20, ರಾತ್ರಿ 9.20

ಒಳ್ಳೆಯ ಆಯ್ಕೆ, ನಮ್ಮ ಜಿಲ್ಲೆಯ ಹಕ್ಕಿ. ಕಾಸರಗೋಡು 2023ರಲ್ಲಿ ತನ್ನದೇ ಮರ, ಹೂವು, ಹಕ್ಕಿ, ಜೀವಿ ಎಂದು ಘೋಷಿಸಿದಾಗ ಕಾಸರಕದ ಮರದ ಜೊತೆ ಇದೂ ಸೇರಿತು.

ಕೆಳಗಿನಿಂದ ನೋಡುವ ಭಂಗಿಯೋ ಮೇಲಿನಿಂದಲೋ ಮೊದಲು ತೀರ್ಮಾನಿಸಿ. ಬೆನ್ನು ಬೂದು, ಹಾರುಗರಿ ಕಪ್ಪು, ತಲೆ ಹೊಟ್ಟೆ ಬಿಳಿ. ಕೆಳಗಿನಿಂದ ನೋಡಿದರೆ ಬೂದು ಬಹುತೇಕ ಕಾಣುವುದೇ ಇಲ್ಲ: ಹೊಟ್ಟೆಯೂ ರೆಕ್ಕೆಯ ಒಳಮೈಯ ಮುಂಭಾಗವೂ ಬಿಳಿ, ಹಿಂದಿನ ಹಾರುಗರಿ ಕಪ್ಪು. ಅದಕ್ಕೆ ಎರಡೇ ಬಣ್ಣ ಸಾಕು. ಬೂದು ಬೇಕಿದ್ದರೆ ಕೂತ ಹಕ್ಕಿ ಅಥವಾ ಮಗ್ಗುಲಾಗಿ ತಿರುಗುವ ಹಕ್ಕಿ. ಬಾಲ ಮೋಟು, ಬೆಣೆಯಾಕಾರ, ತುದಿ ಬಿಳಿ. ಗರುಡನ ಹಾಗೆ ದುಂಡು ಬಾಲ ಮಾಡಬೇಡಿ. ಮರಿಹಕ್ಕಿ ಕಂದು ಬಣ್ಣದ್ದು, ಫೋಟೊ ನೋಡಿ ಕೆತ್ತುವವರು ಗಮನಿಸಿ.

ಬೇಕಲ_ಗಾಳಿ | ಜುಲೈ 20, ರಾತ್ರಿ 10.05

ರಿಡಕ್ಷನ್ನಿನಲ್ಲಿ ಬ್ಲಾಕ್ ಒಂದೇ, ಕೆತ್ತುತ್ತಾ ಮುದ್ರಿಸುತ್ತಾ ಹೋಗುವುದು. ಮೊದಲು ಕಾಗದದ ಬಿಳಿಯಾಗಿ ಉಳಿಯಬೇಕಾದದ್ದನ್ನು ಕೆತ್ತಿ ತೆಗೆಯಿರಿ: ತಲೆ, ಹೊಟ್ಟೆ, ಬಾಲದ ತುದಿ, ಅಲೆಯ ನೊರೆ. ಉಳಿದದ್ದೆಲ್ಲ ತಿಳಿ ಬೂದಿನಲ್ಲಿ ಮುದ್ರಣ. ಎರಡನೆಯದಾಗಿ ಬೂದಾಗಿಯೇ ಉಳಿಯಬೇಕಾದದ್ದನ್ನು ಕೆತ್ತಿ: ಬೆನ್ನು, ರೆಕ್ಕೆಯ ಮೇಲ್ಭಾಗ, ಆಕಾಶ. ಉಳಿದದ್ದು ಕಪ್ಪು: ಹಾರುಗರಿ, ಬಂಡೆ, ಕಣ್ಣು. ತಿಳಿಯದ್ದು ಮೊದಲು, ಗಾಢದ್ದು ಕೊನೆಗೆ. ಹಿಂದೆ ಹೋಗುವ ದಾರಿ ಇಲ್ಲ, 20 ಬೇಕಿದ್ದರೆ ಮೊದಲ ಬಣ್ಣವನ್ನು 26 ಹಾಳೆಗೆ ಹಾಕಿ. ಆರು ಹಾಳೆ ಹೋಗಿಯೇ ಹೋಗುತ್ತದೆ. ಪಿಕಾಸೊ 1950ರ ದಶಕದ ಕೊನೆಗೆ ದಕ್ಷಿಣ ಫ್ರಾನ್ಸಿನ ವಲ್ಲೋರಿಸಿನಲ್ಲಿ ಈ ಕ್ರಮ ಹಿಡಿದ ಮೇಲೆ ಇದು ಹೆಸರಾಯಿತು. ಅವನಿಗೆ ನುರಿತ ಮುದ್ರಕ ಜೊತೆಗಿದ್ದ, ನಮಗೆ ಆರು ಹೆಚ್ಚುವರಿ ಹಾಳೆ.

ಬೂದು ಮಾಡುವಾಗ ಕಪ್ಪಿಗೆ ಬಿಳಿ ಕಲಸಬೇಡಿ, ಬಿಳಿಗೆ ಕಪ್ಪನ್ನು ಚೂರು ಚೂರೇ ಸೇರಿಸಿ. ಟ್ರಾನ್ಸ್‌ಪರೆಂಟ್ ಬೇಸ್ (ಬಣ್ಣವಿಲ್ಲದ ಇಂಕು) ಅರ್ಧದಷ್ಟು ಹಾಕಿದರೆ ಪದರ ತೆಳುವಾಗಿ, ಮೇಲಿನ ಕಪ್ಪು ಚೆನ್ನಾಗಿ ಕೂರುತ್ತದೆ.

ಜಾಗ ತಪ್ಪದ ಹಾಗೆ ಕೂರಿಸುವುದಕ್ಕೆ ಆಫೀಸಿನ ಎರಡು ತೂತಿನ ಪಂಚ್ ಸಾಕು. ತೂತುಗಳ ನಡುವೆ 80 ಮಿ.ಮೀ., ತೂತು 6 ಮಿ.ಮೀ. ಹಾರ್ಡ್‌ಬೋರ್ಡಿಗೆ ಅದೇ ಅಂತರದಲ್ಲಿ 6 ಮಿ.ಮೀ.ನ ಎರಡು ಮರದ ಗೂಟ, ಮೂರು ನಾಲ್ಕು ಮಿ.ಮೀ. ಎತ್ತರ. ಪ್ರತಿ ಹಾಳೆಯ ತಲೆಗೆ ಪಂಚ್ ಮಾಡಿದ ಪ್ಲಾಸ್ಟಿಕ್ ಹಾಳೆಯ ಪಟ್ಟಿಯನ್ನು ಟೇಪಿನಿಂದ ಅಂಟಿಸಿ, ಕೊನೆಯ ಬಣ್ಣದವರೆಗೆ ತೆಗೆಯಬೇಡಿ. ಬ್ಲಾಕ್ ಕೂರುವ ಮೂಲೆಗೆ ಲಿನೋದಷ್ಟೇ ದಪ್ಪದ ರಟ್ಟಿನ ಎಲ್ ಆಕಾರ ಅಂಟಿಸಿ, ಕಾಗದ ಅಂಚಿನಲ್ಲಿ ಮಡಚುವುದಿಲ್ಲ.

ಇಷ್ಟು ಮಾಡಿಯೂ ಬಣ್ಣ ಸರಿದರೆ ತಪ್ಪು ಗೂಟದ್ದಲ್ಲ, ಮಳೆಯದ್ದು. ಕಾಗದ ತೇವ ಕುಡಿದು ಹಿಗ್ಗುತ್ತದೆ, ನಾರಿಗೆ ಅಡ್ಡಲಾಗಿ ಹೆಚ್ಚು. 20 ಸೆಂ.ಮೀ.ಗೆ ಅರ್ಧದಿಂದ ಒಂದು ಮಿ.ಮೀ. ವ್ಯತ್ಯಾಸ ಬಂದರೆ ಹದ್ದಿನ ಕಣ್ಣು ಕೊಕ್ಕಿನ ಮೇಲೆ ಕೂರುತ್ತದೆ. ಬೂದನ್ನು ಮಳೆಯ ದಿನ ಹಾಕಿ ಕಪ್ಪನ್ನು ಬಿಸಿಲಿನ ದಿನ ಹಾಕಬೇಡಿ. ಹಾಳೆಗಳು ಬಲ್ಬಿನ ಬೀರಿನಲ್ಲಿ ಆರಿದ ಮೇಲೂ ಮುದ್ರಿಸುವ ಕೋಣೆಯಲ್ಲಿ ಒಂದು ರಾತ್ರಿ ಹರವಿ, ಮೊದಲ ಅಳತೆಗೆ ಬರಲಿ.

ಮಾಷ್ಟ್ರು_ಮುಳ್ಳೇರಿಯ | ಜುಲೈ 21, ಬೆಳಿಗ್ಗೆ 6.50

ಹದ್ದಿಗೆ ಬೂದು ಬೇಕೇ ಎಂದು ಒಮ್ಮೆ ಯೋಚಿಸಿ. ಬಿಳಿ ಹಕ್ಕಿಗೆ ಕಪ್ಪು ಆಕಾಶ ಕೊಟ್ಟರೆ ಒಂದೇ ಬಣ್ಣದಲ್ಲಿ ಮುಗಿಯುತ್ತದೆ. ನಂದಲಾಲ್ ಬೋಸರು 1930ರಲ್ಲಿ ಕೋಲು ಹಿಡಿದು ನಡೆಯುವ ಗಾಂಧೀಜಿಯನ್ನು ಲಿನೋದಲ್ಲಿ ಕೆತ್ತಿದ್ದು ಹಾಗೆಯೇ: ಕಪ್ಪಿನೊಳಗಿಂದ ಬಿಳಿ ಗೆರೆಯಲ್ಲಿ ಆಕೃತಿ. ಬೂದಿನ ಬದಲು ಬೆನ್ನಿಗೆ ಒತ್ತಾದ ಸಮಾನಾಂತರ ಗೀರು. ಗೆರೆ ಕಪ್ಪು ಅರ್ಧ ಮಿ.ಮೀ., ಬಿಳಿ ಅರ್ಧ ಮಿ.ಮೀ. ಇದ್ದರೆ ಒಂದು ಮಾರು ದೂರದಿಂದ ಅದು ಬೂದೇ. ಹೆಣ್ಣು ಮಡಿವಾಳ ಹಕ್ಕಿಗೂ ಇದೇ ಉಪಾಯ: ಗಂಡಿಗೆ ಕಪ್ಪು ಇದ್ದಲ್ಲಿ ಹೆಣ್ಣಿಗೆ ಗೀರು. ಎಲ್ಲ ಹಕ್ಕಿಗೂ ಒಂದೇ ಗೀರು ಹಾಕುವ ಚಾಳಿ ಮಾತ್ರ ಬೇಡ. ಭೀಮರಾಜನ ಕಪ್ಪು ಹೊಳಪಿನದ್ದು, ಅಲ್ಲಿ ದೊಡ್ಡ ಕಪ್ಪಿನೊಳಗೆ ನಾಲ್ಕೇ ನಾಲ್ಕು ಬಿಳಿ ಗೀರು ಸಾಕು. ಅದರ ಬಾಲದ ತಂತಿಯನ್ನು ಕೊನೆಗೆ ಕೆತ್ತಿ, ಅಲ್ಲಿಯವರೆಗೆ ಎರಡೂ ಬದಿ ಲಿನೋ ಗೋಡೆ ಬಿಟ್ಟಿರಿ, ಇಲ್ಲವಾದರೆ ಅಂಗೈ ತಾಗಿಯೇ ಮುರಿಯುತ್ತದೆ.

ಕುಂಬಳೆ_ತೀರ | ಜುಲೈ 21, ಬೆಳಿಗ್ಗೆ 8.10

ಕಪ್ಪು ಆಕಾಶವೇ ಆಗಲಿ ಮಾಷ್ಟ್ರೇ. ಕೊನೆಯ ಪ್ರಶ್ನೆ: ಮಿಂಚುಳ್ಳಿಯ ಬ್ಲಾಕಿನ ಕೆಳಗೆ ಒಂದು ಸೆಂ.ಮೀ. ಪಟ್ಟಿ ಉಳಿದಿದೆ. ಹೆಸರನ್ನು ಕನ್ನಡದಲ್ಲಿ, ಪಕ್ಕದಲ್ಲಿ ಮಲಯಾಳದಲ್ಲಿ ಕೆತ್ತಬಹುದಾ?

ಪೆರ್ಲದ_ಉಳಿ | ಜುಲೈ 21, ಬೆಳಿಗ್ಗೆ 9.00

ಎರಡೂ ದುಂಡು ಲಿಪಿ, ಎರಡೂ ಕಷ್ಟ. ‘ಮಿಂಚುಳ್ಳಿ’ಯಲ್ಲಿ ಗುಡಿಸು ಇದೆ, ಕೊಂಬು ಇದೆ, ಕೆಳಗೆ ಒತ್ತು ಇದೆ. ಒಂದು ಸೆಂ.ಮೀ.ಯಲ್ಲಿ ಒತ್ತಕ್ಷರಕ್ಕೆ ಸಿಗುವುದು ಮೂರು ಮಿ.ಮೀ., ಅದರ ಹೊಟ್ಟೆಯ ಬಿಳಿ ಇಂಕಿನಲ್ಲಿ ಮುಚ್ಚಿಹೋಗುತ್ತದೆ. ಅಕ್ಷರ ಕನಿಷ್ಠ ಹನ್ನೆರಡು ಮಿ.ಮೀ., ಒತ್ತಿಗೆ ಬೇರೆ ಜಾಗ. ಕೆತ್ತಲೇಬೇಕಾದರೆ ಟ್ರೇಸಿಂಗ್ ಪೇಪರಿನಲ್ಲಿ 4ಬಿ ಪೆನ್ಸಿಲಿನಿಂದ ನೇರವಾಗಿ ಬರೆದು, ಬರೆದ ಮುಖವನ್ನು ಲಿನೋ ಮೇಲೆ ಕವುಚಿ ಬೆನ್ನಿನಿಂದ ಉಜ್ಜಿ. ಬ್ಲಾಕಿನಲ್ಲಿ ತಿರುಗುಮುರುಗಾಗಿ ಇಳಿಯುತ್ತದೆ, ಕಾಗದದಲ್ಲಿ ಸರಿಯಾಗಿ ಬರುತ್ತದೆ. ಕಾರ್ಬನ್ ಕಾಗದ ಬಳಸಿದರೆ ಟ್ರೇಸಿಂಗನ್ನು ನೀವೇ ಮಗುಚಬೇಕು. ಮರೆತವರ ಹಕ್ಕಿ ಎಡಕ್ಕೆ ನೋಡಬೇಕಾದದ್ದು ಬಲಕ್ಕೆ ನೋಡುತ್ತದೆ, ಅದು ಯಾರಿಗೂ ಗೊತ್ತಾಗುವುದಿಲ್ಲ. ಅಕ್ಷರದಲ್ಲಿ ಮಾತ್ರ ತಪ್ಪಿಸಿಕೊಳ್ಳಲಿಕ್ಕಿಲ್ಲ.

ಬೇಕಲ_ಗಾಳಿ | ಜುಲೈ 21, ಬೆಳಿಗ್ಗೆ 9.15

ಪಟ್ಟಿಯನ್ನು ಕೊಯ್ದು ತೆಗೆಯಿರಿ. ಚಿತ್ರದ ಕೆಳಗೆ ಕಾಗದದಲ್ಲೇ ಪೆನ್ಸಿಲಿನಲ್ಲಿ ಎಡಕ್ಕೆ 1/20 (ಇಪ್ಪತ್ತರಲ್ಲಿ ಮೊದಲ ಪ್ರತಿ), ನಡುವೆ ಎರಡೂ ಲಿಪಿಯಲ್ಲಿ ಹೆಸರು, ಬಲಕ್ಕೆ ಸಹಿ. ಪೆನ್ನಿನ ಶಾಯಿ ಬೇಡ, ಈ ತಂಡಿಗೆ ಹರಡುತ್ತದೆ.